ಆಳುವ ಆಸೆಯೂ ತನ್ನನ್ನರಿಯುವ ವಿದ್ಯೆಯೂ

ತಮ್ಮ ಮಕ್ಕಳು ಕಲಿತು ದೊಡ್ಡವರಾಗಬೇಕೆಂದು ಬಯಸದ ತಂದೆತಾಯಿಗಳಿಲ್ಲ. ಒಬ್ಬರು ಮಗನು ತಹಸೀಲದಾರನಾಗಲೆಂದು ಹರಕೆ ಹೊರುತ್ತಾರೆ. ಇನ್ನೊಬ್ಬರು ಮಗಳು ಡಾಕ್ಟರಳಾಗಲೆಂದು ಹೊಲ ಮಾರಿ ಓದಿಸುತ್ತಾರೆ. ಮತ್ತೊಬ್ಬರು ತಮ್ಮ ಕುಲದಲ್ಲಿ ಯಾರಾದರೊಬ್ಬರು ಸರಪಂಚರೋ ಶಾಸಕರೋ ಆಗಿ ನಾಲ್ಕು ಜನರೆದುರು ನಿಂತು ಮಾತಾಡಬೇಕೆಂದು ಹಂಬಲಿಸುತ್ತಾರೆ. ಈ ಬಯಕೆಗಳಲ್ಲಿ ತಪ್ಪೇನೂ ಇಲ್ಲ. ನಾಡಿನ ಕಾರಭಾರವನ್ನು ಯಾರಾದರೂ ನಡೆಸಲೇಬೇಕು. ಒಳ್ಳೆಯವರು ಹಿಂದೆ ಸರಿದರೆ ಆ ಸ್ಥಳವು ಬರಿದಾಗಿ ಉಳಿಯುವದಿಲ್ಲ, ಅಲ್ಲದವರು ಬಂದು ಕೂಡುತ್ತಾರೆ. ಆದರೆ ಇಂಥ ಆಸೆಯನ್ನು ಹೊತ್ತ ಯುವಕನು ಮೊದಲು ಏನನ್ನು ಕಲಿಯಬೇಕು? ಭಾಷಣ ಮಾಡುವದನ್ನೋ, ಕಾಯದೆಯನ್ನೋ, ಹಣ ಕೂಡಿಸುವದನ್ನೋ? ಸುಮಾರು ಎರಡು ಸಾವಿರದ ನಾಲ್ಕುನೂರು ವರುಷಗಳ ಹಿಂದೆ ಗ್ರೀಸ ದೇಶದ ಅಥೆನ್ಸ ಪಟ್ಟಣದಲ್ಲಿ ಸಾಕ್ರೆಟೀಸನೆಂಬ ತತ್ತ್ವಜ್ಞಾನಿಯು ಈ ಪ್ರಶ್ನೆಗೆ ಬೇರೆಯೇ ಒಂದು ಉತ್ತರವನ್ನು ಕೊಟ್ಟನು. ಮೊದಲು ನಿನ್ನನ್ನು ನೀನು ಅರಿ ಎಂಬುದೇ ಆ ಉತ್ತರದ ಸಾರ.

ಗ್ರೀಸಿನ ಈ ಮಾತು ಜತ್ತ ತಾಲೂಕಿನ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ತಾಲೂಕಿಗೂ ಅದರ ನೆರೆಗೂ ಈ ಮಾತಿನ ಹತ್ತಿರದ ನಂಟಿದೆ. ಆ ನಂಟು ಏನೆಂಬುದು ಲೇಖನದ ಕಡೆಗೆ ತಿಳಿದುಬರುವದು. ಮೊದಲು ಅಥೆನ್ಸಿಗೆ ಹೋಗೋಣ.

ಚಕ್ಕಡಿಯ ಮುಂದೆ ಮಲಗಿದ ಹುಡುಗ

ಅಥೆನ್ಸಿನಲ್ಲಿ ಆಲ್ಕಿಬಿಯಾಡೀಸನೆಂಬ ಹುಡುಗನಿದ್ದನು. ಅವನು ಹುಟ್ಟಿದ್ದು ಕ್ರಿ. ಪೂ. 450ರ ಸುಮಾರಿಗೆ. ತಂದೆ ಕ್ಲೈನಿಯಾಸನು ಕ್ರಿ. ಪೂ. 447ರಲ್ಲಿ ಕೊರೋನೆಯದ ಕಾಳಗದಲ್ಲಿ ಮಡಿದನು. ತಬ್ಬಲಿಯಾದ ಹುಡುಗನನ್ನು ಸಾಕುವ ಭಾರವು, ಆಗ ಅಥೆನ್ಸಿನಲ್ಲಿ ಎಲ್ಲರಿಗಿಂತ ಪ್ರಬಲನಾಗಿದ್ದ ಪೆರಿಕ್ಲೀಸನ ಮೇಲೆ ಬಿದ್ದಿತು. ರೂಪ, ಸಿರಿವಂತಿಕೆ, ಮನೆತನ, ಮಾತಿನ ಚಾತುರ್ಯ ಈ ಯಾವುದಕ್ಕೂ ಅವನಲ್ಲಿ ಕೊರತೆಯಿರಲಿಲ್ಲ.

ಪ್ಲೂಟಾರ್ಕನೆಂಬ ಚರಿತ್ರಕಾರನು ಅವನ ಬಾಲ್ಯದ ಕತೆಯೊಂದನ್ನು ಹೇಳಿದ್ದಾನೆ. ಹುಡುಗರು ಓಣಿಯಲ್ಲಿ ಎಲುಬಿನ ದಾಳಗಳಿಂದ ಆಡುತ್ತಿದ್ದರು. ಆಲ್ಕಿಬಿಯಾಡೀಸನ ಸರದಿ ಬಂದಾಗ ಹೇರು ತುಂಬಿದ ಚಕ್ಕಡಿಯೊಂದು ಬಂದಿತು. ಅವನು ನಿಲ್ಲಿಸೆಂದನು, ಚಕ್ಕಡಿಯವನು ಕೇಳಲಿಲ್ಲ. ಉಳಿದ ಹುಡುಗರೆಲ್ಲ ದಾರಿ ಬಿಟ್ಟರು. ಇವನಾದರೋ ಚಕ್ಕಡಿಯ ಮುಂದೆ ಅಡ್ಡಲಾಗಿ ಮಲಗಿ, ಈಗ ಬೇಕಾದರೆ ಹೊಡೆದುಕೊಂಡು ಹೋಗು ಎಂದನು. ಚಕ್ಕಡಿಯವನು ಬೆದರಿ ಹಿಂದಕ್ಕೆ ಸರಿದನು. ಹುಡುಗನ ಧೈರ್ಯವನ್ನು ಮೆಚ್ಚಬೇಕೋ, ಹಟವನ್ನು ಕಂಡು ಅಂಜಬೇಕೋ ಹೇಳುವದು ಕಠಿಣ. ಒಂದು ಮಾತು ನಿಜ: ತನ್ನ ಆಟಕ್ಕಾಗಿ ಲೋಕವು ನಿಲ್ಲಬೇಕೆಂಬ ಭಾವನೆ ಅವನಲ್ಲಿ ಆಗಲೇ ಬೇರೂರಿತ್ತು.

ಪ್ಲೂಟಾರ್ಕನು ಹೇಳಿದ ಇನ್ನೊಂದು ಪ್ರಸಂಗವನ್ನೂ ನೆನಪಿನಲ್ಲಿಡಬೇಕು. ಒಮ್ಮೆ ಆಲ್ಕಿಬಿಯಾಡೀಸನು ಪೆರಿಕ್ಲೀಸನನ್ನು ಕಾಣಹೋದಾಗ, ಅವನು ಜನರಿಗೆ ಲೆಕ್ಕ ಒಪ್ಪಿಸುವದು ಹೇಗೆಂದು ಯೋಚಿಸುವದರಲ್ಲಿ ಮಗ್ನನಾಗಿದ್ದಾನೆಂದು ಬಾಗಿಲಲ್ಲಿ ತಿಳಿಸಿದರು. ಹಾಗಾದರೆ ಲೆಕ್ಕ ಒಪ್ಪಿಸದೆ ಇರುವದು ಹೇಗೆಂದು ಯೋಚಿಸುವದೇ ಲೇಸಲ್ಲವೇ ಎಂದು ಹೇಳಿ ಹುಡುಗನು ಹೊರಟುಹೋದನಂತೆ. ಈ ಮಾತು ನಗೆ ತರಿಸುತ್ತದೆ. ಆದರೆ ಅಧಿಕಾರವನ್ನು ಬಯಸುವವನ ಬಾಯಲ್ಲಿ ಬಂದಾಗ ಎಚ್ಚರವನ್ನೂ ಹುಟ್ಟಿಸುತ್ತದೆ.

ಸಾಕ್ರೆಟೀಸನ ಪ್ರಶ್ನೆಗಳು

ಈ ಹುಡುಗನಿಗೆ ಇಪ್ಪತ್ತು ತುಂಬುವ ಮೊದಲೇ, ಜನಸಭೆಯಲ್ಲಿ ಎದ್ದು ನಿಂತು ಅಥೆನ್ಸಿನವರಿಗೆ ಬುದ್ಧಿ ಹೇಳಬೇಕೆಂಬ ಆತುರವಾಯಿತು. ಆಗ ಸಾಕ್ರೆಟೀಸನು ಅವನನ್ನು ತಡೆದು ಮಾತಾಡಿಸಿದ ಸಂಗತಿಯು ಪ್ಲೇಟೋನ ಹೆಸರಿನಲ್ಲಿ ಬಂದ ‘ಆಲ್ಕಿಬಿಯಾಡೀಸ’ ಎಂಬ ಸಂವಾದದಲ್ಲಿದೆ. ಇದನ್ನು ಪ್ಲೇಟೋ ತಾನೇ ಬರೆದನೋ, ಅವನ ಪರಂಪರೆಯವರು ಬರೆದರೋ ಎಂಬ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಪ್ರಾಚೀನ ಕಾಲದ ಕಡೆಯ ಪ್ಲೇಟೋಪಂಥದ ಗುರುಗಳು ತಮ್ಮ ವಿದ್ಯಾರ್ಥಿಗಳಿಗೆ ಪ್ಲೇಟೋನ ಗ್ರಂಥಗಳಲ್ಲಿ ಮೊಟ್ಟಮೊದಲು ಓದಿಸುತ್ತಿದ್ದುದು ಇದನ್ನೇ. ತನ್ನನ್ನರಿಯುವದೇ ತತ್ತ್ವಶಾಸ್ತ್ರದ ಹೊಸ್ತಿಲೆಂಬುದು ಅವರ ಎಣಿಕೆ.

ಸಾಕ್ರೆಟೀಸನ ಮೊದಲನೆಯ ಪ್ರಶ್ನೆ ಸರಳವಾಗಿತ್ತು. ನೀನು ಜನರಿಗೆ ಯಾವ ವಿಷಯದಲ್ಲಿ ಸಲಹೆ ಕೊಡುವೆ? ನೀನು ಕಲಿತದ್ದು ಅಕ್ಷರ, ವೀಣೆಯಂಥ ವಾದ್ಯ, ಕುಸ್ತಿ ಈ ಮೂರು. ಸಭೆಯು ಇವುಗಳ ಬಗ್ಗೆ ವಿಚಾರಿಸಲು ಕೂಡುವದಿಲ್ಲ. ಮನೆ ಕಟ್ಟುವ ವಿಷಯ ಬಂದರೆ ಕಟ್ಟುವವನನ್ನು ಕೇಳುವರು, ರೋಗದ ವಿಷಯ ಬಂದರೆ ವೈದ್ಯನನ್ನು. ಹಾಗಾದರೆ ನಿನ್ನ ಸಲಹೆ ಬೇಕಾಗುವದು ಯಾವಾಗ? ಯುದ್ಧ ಮತ್ತು ಶಾಂತಿಯ ವಿಷಯ ಬಂದಾಗ ಎಂದು ಆಲ್ಕಿಬಿಯಾಡೀಸನು ಉತ್ತರಿಸಿದನು. ಯಾರೊಡನೆ ಯುದ್ಧ ಮಾಡುವದು ನ್ಯಾಯ, ಯಾರೊಡನೆ ಅನ್ಯಾಯ ಎಂಬುದನ್ನು ತಿಳಿಯದೆ ಆ ಸಲಹೆಯನ್ನು ಕೊಡಲಾಗದೆಂದು ಅವನೇ ಒಪ್ಪಿಕೊಳ್ಳಬೇಕಾಯಿತು.

ಇಲ್ಲಿಂದ ಸಾಕ್ರೆಟೀಸನು ಎರಡು ಪ್ರಶ್ನೆಗಳನ್ನು ಹಿಡಿದನು. ನ್ಯಾಯವೆಂದರೇನೆಂಬುದನ್ನು ನೀನು ಯಾವ ಗುರುವಿನಿಂದ ಕಲಿತೆ? ಅಥವಾ ನೀನೇ ಹುಡುಕಿಕೊಂಡಿದ್ದರೆ, ಅದು ನನಗೆ ತಿಳಿದಿಲ್ಲವೆಂದು ನಿನಗೆ ಅನಿಸಿದ ಕಾಲ ಯಾವುದು? ಯಾಕಂದರೆ ತಿಳಿದಿದೆ ಎಂದುಕೊಂಡವನು ಹುಡುಕುವದಿಲ್ಲ. ಆಲ್ಕಿಬಿಯಾಡೀಸನಿಗೆ ಗುರುವೂ ಇರಲಿಲ್ಲ, ತಿಳಿದಿಲ್ಲವೆಂದುಕೊಂಡ ದಿನವೂ ಇರಲಿಲ್ಲ. ಚಿಕ್ಕಂದಿನಲ್ಲಿ ಆಟದಲ್ಲಿ ಯಾರಾದರೂ ಮೋಸ ಮಾಡಿದರೆ ಅನ್ಯಾಯವೆಂದು ಕೂಗುತ್ತಿದ್ದವನು ಅವನು. ಕಡೆಗೆ, ಗ್ರೀಕ ಭಾಷೆಯನ್ನು ಹೇಗೆ ಎಲ್ಲ ಜನರಿಂದ ಕಲಿತೆನೋ ಹಾಗೆಯೇ ನ್ಯಾಯವನ್ನೂ ಎಲ್ಲ ಜನರಿಂದಲೇ ಕಲಿತೆನೆಂದು ಅವನು ಹೇಳಿದನು.

ನಮ್ಮ ಮಕ್ಕಳಿಗೆ ಈ ಉತ್ತರವು ಕೂಡಲೇ ಅರ್ಥವಾಗುವದು. ಜತ್ತ ತಾಲೂಕಿನ ಕನ್ನಡದ ಮಗುವು ಕನ್ನಡವನ್ನು ಅವ್ವನ ಬಾಯಿಂದ ಕಲಿಯುತ್ತದೆ, ಮರಾಠಿಯನ್ನು ಸಂತೆಯಲ್ಲಿ, ಬಸ್ಸಿನಲ್ಲಿ, ನೆರೆಮನೆಯಲ್ಲಿ ಕಲಿಯುತ್ತದೆ. ಇದಕ್ಕೆ ಬೇರೆ ಮಾಸ್ತರರು ಬೇಕಾಗುವದಿಲ್ಲ. ಹೀಗೆ ಕಲಿಯಲು ಸಾಧ್ಯವಾಗುವದೇಕೆಂಬುದನ್ನು ಸಾಕ್ರೆಟೀಸನು ತೋರಿಸಿಕೊಟ್ಟನು. ಕಲ್ಲೆಂದರೆ ಯಾವುದು, ಕಟ್ಟಿಗೆಯೆಂದರೆ ಯಾವುದು ಎಂಬುದರಲ್ಲಿ ಊರಿನವರೆಲ್ಲ ಒಂದೇ ಮಾತು ಆಡುತ್ತಾರೆ. ಆದ್ದರಿಂದ ಅವರು ಭಾಷೆಗೆ ಒಳ್ಳೆಯ ಗುರುಗಳು. ಆದರೆ ನ್ಯಾಯ ಯಾವುದೆಂಬುದರಲ್ಲಿ ಅದೇ ಜನರು ಒಬ್ಬರೊಡನೊಬ್ಬರು ಜಗಳಾಡುತ್ತಾರೆ, ಕೋರ್ಟಿಗೆ ಹೋಗುತ್ತಾರೆ, ರಾಜ್ಯಗಳು ಯುದ್ಧವನ್ನೇ ಹೂಡುತ್ತವೆ. ತಮ್ಮೊಳಗೇ ಒಪ್ಪದವರು ಆ ವಿಷಯವನ್ನು ಕಲಿಸುವದು ಹೇಗೆ?

ಹೀಗೆ ಆ ಯುವಕನು ಸಿಕ್ಕಿಬಿದ್ದನು. ಆಗ ಸಾಕ್ರೆಟೀಸನು ಅಜ್ಞಾನದಲ್ಲಿ ಎರಡು ಬಗೆ ಎಂಬುದನ್ನು ವಿವರಿಸಿದನು. ತನಗೆ ಅಡಿಗೆ ಬಾರದೆಂದು ತಿಳಿದವನು ಅಡಿಗೆಯನ್ನು ಬಲ್ಲವರಿಗೆ ಬಿಡುತ್ತಾನೆ. ಹಡಗು ನಡೆಸಲು ಬಾರದೆಂದು ತಿಳಿದವನು ಚುಕ್ಕಾಣಿಯನ್ನು ಮುಟ್ಟುವದಿಲ್ಲ. ಇಂಥ ಅಜ್ಞಾನದಿಂದ ಕೇಡಿಲ್ಲ. ತಿಳಿಯದಿದ್ದರೂ ತಿಳಿದಿದೆಯೆಂದು ನಂಬುವದೇ ಎರಡನೆಯ ಬಗೆ, ಇಮ್ಮಡಿ ಅಜ್ಞಾನ. ಅದು ನಾಡಿನ ಹಿತಾಹಿತದಂಥ ದೊಡ್ಡ ವಿಷಯದಲ್ಲಿ ಇದ್ದರೆ ಅದಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ.

ಆಲ್ಕಿಬಿಯಾಡೀಸನು ಇನ್ನೊಂದು ಸಮಾಧಾನವನ್ನು ಹುಡುಕಿದನು. ಅಥೆನ್ಸಿನ ಉಳಿದ ಮುಂದಾಳುಗಳೂ ಕಲಿಯದವರೇ. ಅವರನ್ನು ಮೀರಿಸಲು ನನ್ನ ಸಹಜಶಕ್ತಿಯೇ ಸಾಕು ಎಂದನು. ಇಂದಿಗೂ ಎಷ್ಟು ಜನರ ಬಾಯಲ್ಲಿ ಈ ಮಾತು ಕೇಳುತ್ತೇವೆ! ಸಾಕ್ರೆಟೀಸನು ಇದಕ್ಕಾಗಿ ಅವನನ್ನು ಗದರಿಸಿದನು. ನಿನ್ನ ಎದುರಾಳಿಗಳು ಊರಿನ ಸೋಮಾರಿಗಳಲ್ಲ, ಸ್ಪಾರ್ಟಾದ ಅರಸರು ಮತ್ತು ಪಾರಸಿಕ ದೇಶದ ಚಕ್ರವರ್ತಿಗಳು. ಪಾರಸಿಕ ರಾಜಕುಮಾರನಿಗೆ ಹದಿನಾಲ್ಕು ವರುಷವಾದಾಗ ನಾಲ್ವರು ಗುರುಗಳನ್ನು ಆರಿಸಿ ಕೊಡುತ್ತಾರೆ: ಒಬ್ಬನು ಎಲ್ಲರಿಗಿಂತ ಜ್ಞಾನಿ, ಒಬ್ಬನು ನ್ಯಾಯವಂತ, ಒಬ್ಬನು ಸಂಯಮಿ, ಒಬ್ಬನು ಧೀರ. ನಿನಗಾದರೋ ಪೆರಿಕ್ಲೀಸನು ವಯಸ್ಸಾಗಿ ಕೆಲಸಕ್ಕೆ ಬಾರದ ಒಬ್ಬ ದಾಸನನ್ನು ಗೊತ್ತುಮಾಡಿದ್ದನು. ಇಂಥವನು ತಮ್ಮ ಮಗನೊಡನೆ ಸ್ಪರ್ಧಿಸಲು ಹೊರಟಿದ್ದಾನೆಂದು ಕೇಳಿದರೆ ಆ ರಾಜಮಾತೆಯು ಬೆರಗಾಗುವಳು. ಆದ್ದರಿಂದ ಡೆಲ್ಫಿಯ ದೇವಾಲಯದಲ್ಲಿ ಕೆತ್ತಿದ ಮಾತನ್ನು ನಂಬು, ನಿನ್ನನ್ನು ನೀನು ಅರಿ, ಎಂದನು.

ಪಾದರಕ್ಷೆಯೂ ಪಾದವೂ

ಡೆಲ್ಫಿಯ ಆ ಮಾತಿಗೆ ಮೊದಲಿದ್ದ ಅರ್ಥವು, ನೀನು ಮನುಷ್ಯನು, ದೇವರಲ್ಲ, ನಿನ್ನ ಅಳತೆಯನ್ನು ಮರೆಯಬೇಡ ಎಂಬಷ್ಟೇ. ಸಾಕ್ರೆಟೀಸನು ಅದನ್ನು ಒಳಕ್ಕೆ ತಿರುಗಿಸಿದನು. ಇದಕ್ಕಾಗಿ ಅವನು ತೆಗೆದುಕೊಂಡ ದೃಷ್ಟಾಂತವು ಪಾದರಕ್ಷೆಯದು. ಪಾದರಕ್ಷೆಯನ್ನು ಜೋಕೆ ಮಾಡುವ ವಿದ್ಯೆ ಬೇರೆ, ಪಾದವನ್ನು ಜೋಕೆ ಮಾಡುವ ವಿದ್ಯೆ ಬೇರೆ. ಹಾಗೆಯೇ ನನ್ನ ವಸ್ತುಗಳ ಜೋಕೆಯು ನನ್ನ ಜೋಕೆಯಲ್ಲ. ಇನ್ನು, ಉಳಿಯನ್ನು ಹಿಡಿದು ಕೆಲಸ ಮಾಡುವವನು ಉಳಿಯಿಂದ ಬೇರೆ. ಕೈಯಿಂದ ಕೆಲಸ ಮಾಡುವವನು ಕೈಯಿಂದಲೂ ಬೇರೆ. ಇಡೀ ದೇಹವನ್ನೇ ಉಪಯೋಗಿಸುವವನು ದೇಹದಿಂದಲೂ ಬೇರೆಯಾಗಿರಬೇಕಲ್ಲವೇ? ಆ ಉಪಯೋಗಿಸುವವನೇ ಜೀವಾತ್ಮನು. ಅದೇ ನಿಜವಾದ ನೀನು. ದುಡ್ಡು ನಿನ್ನದು, ನೀನಲ್ಲ. ರೂಪ ನಿನ್ನದು, ನೀನಲ್ಲ. ಪದವಿ ಬಂದರೆ ಅದೂ ನಿನ್ನದಾಗಬಹುದು, ನೀನಾಗಲಾರದು.

ತನ್ನನ್ನು ಕಾಣುವ ಬಗೆ ಯಾವುದು? ಕಣ್ಣು ಎಲ್ಲವನ್ನೂ ಕಾಣುತ್ತದೆ, ತನ್ನನ್ನು ಮಾತ್ರ ಕಾಣದು. ಆದರೆ ಇನ್ನೊಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದರೆ, ಅದರ ನಡುವೆ ಹೊಳೆಯುವ ಪಾಪೆಯಲ್ಲಿ ನೋಡುವವನ ಚಿಕ್ಕ ರೂಪವೊಂದು ಮೂಡುತ್ತದೆ. ಕನ್ನಡದಲ್ಲಿ ಪಾಪೆಯೆಂದರೆ ಗೊಂಬೆಯೂ ಹೌದು, ಕಣ್ಣಿನ ನಡುವಿನ ಕಪ್ಪೂ ಹೌದು. ಗ್ರೀಕ ಭಾಷೆಯಲ್ಲಿಯೂ ಅದಕ್ಕೆ ಹುಡುಗಿ, ಗೊಂಬೆ ಎಂಬ ಅರ್ಥದ ಶಬ್ದವೇ ಇದೆ. ದೂರದೂರದ ಎರಡು ಜನಾಂಗಗಳು ಒಂದೇ ನೋಟವನ್ನು ಕಂಡು ಒಂದೇ ಹೆಸರಿಟ್ಟವು. ಕಣ್ಣು ಇನ್ನೊಂದು ಕಣ್ಣಿನಲ್ಲಿ ತನ್ನನ್ನು ಕಾಣುವಂತೆ, ಮನುಷ್ಯನ ಆತ್ಮವು ಇನ್ನೊಂದು ಆತ್ಮದ ಅತ್ಯುತ್ತಮ ಭಾಗವಾದ ವಿವೇಕದಲ್ಲಿ ತನ್ನನ್ನು ಕಾಣಬೇಕು ಎಂಬುದು ಸಾಕ್ರೆಟೀಸನ ಉಪದೇಶ. ಅಂದರೆ ಕದ ಮುಚ್ಚಿ ಒಬ್ಬನೇ ಕುಳಿತರೆ ಇದು ಸಾಧಿಸುವದಿಲ್ಲ. ನಮ್ಮ ಹಿತವನ್ನು ಬಯಸಿ ನಿಜವನ್ನಾಡುವ ಗುರುವೋ ಗೆಳೆಯನೋ ಬೇಕು. ಹೊಗಳುವವನ ಕಣ್ಣಿನಲ್ಲಿ ನಮ್ಮ ರೂಪವು ದೊಡ್ಡದಾಗಿ ಕಾಣಬಹುದು, ನಿಜವಾಗಿ ಕಾಣದು.

ಸಂವಾದವು ಮುಗಿಯುವಾಗ ಆಲ್ಕಿಬಿಯಾಡೀಸನು ನ್ಯಾಯದ ಚಿಂತನೆಯನ್ನು ಇಂದಿನಿಂದಲೇ ಆರಂಭಿಸುವೆನೆಂದು ಮಾತು ಕೊಡುತ್ತಾನೆ. ಪಟ್ಟಣಕ್ಕೆ ಕೋಟೆಗೋಡೆ, ಯುದ್ಧದ ಹಡಗು, ಬಂದರುಗಳಿಗಿಂತ ಸದ್ಗುಣವೇ ಹೆಚ್ಚು ಬೇಕಾದುದೆಂಬುದನ್ನು ಅವನು ಒಪ್ಪುತ್ತಾನೆ. ಸಾಕ್ರೆಟೀಸನಿಗೆ ಮಾತ್ರ ಒಳಗೊಳಗೆ ಭಯ: ಪಟ್ಟಣದ ಸೆಳೆತವು ನಮ್ಮಿಬ್ಬರನ್ನೂ ಸೋಲಿಸೀತು ಎಂದು.

ಹಾಗೆಯೇ ಆಯಿತು. ಕ್ರಿ. ಪೂ. 415ರಲ್ಲಿ ಆಲ್ಕಿಬಿಯಾಡೀಸನು ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗಲು ಜನರನ್ನು ಒಪ್ಪಿಸಿದನು. ದೇವರ ಅಪಚಾರದ ಆರೋಪ ಬಂದು ಮರಳಿ ಕರೆಯಿಸಿದಾಗ, ಲೆಕ್ಕ ಒಪ್ಪಿಸಲು ಬಾರದೆ ಶತ್ರುಗಳಾದ ಸ್ಪಾರ್ಟಾದವರನ್ನು ಸೇರಿಕೊಂಡು ತನ್ನ ನಾಡಿಗೇ ಕೇಡಾಗುವ ಸಲಹೆಯನ್ನು ಕೊಟ್ಟನು. ಅಲ್ಲಿಂದ ಪಾರಸಿಕರ ಕಡೆಗೆ ಹೋದನು. ಕ್ರಿ. ಪೂ. 413ರಲ್ಲಿ ಸಿಸಿಲಿಗೆ ಹೋದ ಸೇನೆಯು ಪೂರ್ಣವಾಗಿ ನಾಶವಾಯಿತು. ಅಥೆನ್ಸಿನವರು ಅವನನ್ನು ಒಮ್ಮೆ ಕ್ಷಮಿಸಿ ಮರಳಿ ಸೇನಾನಿಯನ್ನಾಗಿ ಮಾಡಿದರೂ ಬಹಳ ದಿನ ನಡೆಯಲಿಲ್ಲ. ಕ್ರಿ. ಪೂ. 404ರಲ್ಲಿ ಅಥೆನ್ಸು ಸ್ಪಾರ್ಟಾಕ್ಕೆ ಶರಣಾಯಿತು; ಅದೇ ವರುಷ ಆಲ್ಕಿಬಿಯಾಡೀಸನು ಪರದೇಶದಲ್ಲಿ ಕೊಲೆಯಾದನು. ಐದು ವರುಷಗಳ ತರುವಾಯ, ಕ್ರಿ. ಪೂ. 399ರಲ್ಲಿ, ಯುವಕರನ್ನು ಕೆಡಿಸಿದನೆಂಬ ಆರೋಪವನ್ನೂ ಹೊರಿಸಿ ಸಾಕ್ರೆಟೀಸನಿಗೆ ವಿಷ ಕುಡಿಸಿದರು. ಕೆಡದಂತೆ ತಡೆಯಲು ಯತ್ನಿಸಿದವನ ಮೇಲೆಯೇ ಕೆಡಿಸಿದ ಅಪವಾದವು ಬಂದಿತು.

ಹಮ್ಮಿನವನಿಗೊಂದು, ಅಳುಕಿನವನಿಗೊಂದು

ಸಾಕ್ರೆಟೀಸನು ರಾಜಕಾರಣದಿಂದ ಎಲ್ಲರನ್ನೂ ದೂರವಿಡುತ್ತಿದ್ದನೆಂದು ಯಾರೂ ತಿಳಿಯಬಾರದು. ಅವನ ಇನ್ನೊಬ್ಬ ಶಿಷ್ಯನಾದ ಜೆನೊಫನನು ಬರೆದಿಟ್ಟ ಎರಡು ಪ್ರಸಂಗಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

ಪ್ಲೇಟೋನ ಅಣ್ಣತಮ್ಮಂದಿರಲ್ಲೊಬ್ಬನಾದ ಗ್ಲಾಕೋನನು ಇಪ್ಪತ್ತು ತುಂಬುವ ಮೊದಲೇ ಸಭೆಯಲ್ಲಿ ಭಾಷಣ ಮಾಡಲು ಎದ್ದು ನಗೆಗೀಡಾಗುತ್ತಿದ್ದನು. ಮನೆಯವರ ಮಾತನ್ನು ಕೇಳುತ್ತಿರಲಿಲ್ಲ. ಸಾಕ್ರೆಟೀಸನು ಅವನನ್ನು ಮೃದುವಾಗಿ ಕೇಳುತ್ತ ಹೋದನು. ಪಟ್ಟಣದ ಆದಾಯವೆಷ್ಟು? ಖರ್ಚೆಷ್ಟು? ನಮ್ಮ ಸೇನಾಬಲವೆಷ್ಟು, ಶತ್ರುವಿನದೆಷ್ಟು? ಬೆಳ್ಳಿಯ ಗಣಿಗಳ ಉತ್ಪನ್ನವು ಕಡಿಮೆಯಾದದ್ದೇಕೆ? ನಮ್ಮ ಭೂಮಿಯ ಕಾಳು ಎಷ್ಟು ದಿನಕ್ಕೆ ಸಾಲುವದು? ಒಂದಕ್ಕೂ ಗ್ಲಾಕೋನನಲ್ಲಿ ಉತ್ತರವಿರಲಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಮನೆಗಳ ಯೋಗಕ್ಷೇಮವನ್ನು ಹೊರಲು ಹೊರಟವನು ಮೊದಲು ಸೋದರಮಾವನ ಒಂದು ಮನೆಯನ್ನಾದರೂ ಸರಿಪಡಿಸಬಾರದೇ ಎಂದು ಸಾಕ್ರೆಟೀಸನು ಕೇಳಿದನು. ಮಾವನು ನನ್ನ ಮಾತು ಕೇಳುವದಿಲ್ಲವೆಂದು ಹುಡುಗನ ಉತ್ತರ. ಒಬ್ಬ ಮಾವನನ್ನು ಒಪ್ಪಿಸಲಾರದವನು ಇಡೀ ಅಥೆನ್ಸನ್ನು ಒಪ್ಪಿಸುವನೇ?

ನಮ್ಮ ತಾಲೂಕು ಮಳೆ ಕಡಿಮೆಯ ಸೀಮೆ. ಇಲ್ಲಿ ಸಾಕ್ರೆಟೀಸನಿದ್ದಿದ್ದರೆ ಸರಪಂಚನಾಗಬಯಸುವ ತರುಣನನ್ನು ಬೇರೆ ಪ್ರಶ್ನೆಗಳನ್ನು ಕೇಳುತ್ತಿದ್ದನು. ಊರಲ್ಲಿ ಬಾವಿಗಳೆಷ್ಟು? ಯಾವ ತಿಂಗಳಿಗೆ ಯಾವ ಬಾವಿ ಬತ್ತುವದು? ದನಗಳೆಷ್ಟು, ಮೇವು ಎಷ್ಟು ದಿನದ್ದು? ಶಾಲೆಯನ್ನು ಬಿಟ್ಟ ಹುಡುಗಿಯರು ಎಷ್ಟು ಜನ, ಬಿಟ್ಟದ್ದೇಕೆ? ಇವನ್ನು ತಿಳಿದುಕೊಳ್ಳುವದೂ ಆತ್ಮಜ್ಞಾನದ ಒಂದು ಭಾಗವೇ ಸರಿ. ಯಾಕಂದರೆ ಈ ಪ್ರಶ್ನೆಗಳೆದುರಿಗೆ ನಿಂತಾಗಲೇ ನಮ್ಮ ಅರಿವಿನ ಗಡಿಯು ನಮಗೆ ಕಾಣುವದು.

ಎರಡನೆಯ ಪ್ರಸಂಗವು ಇದಕ್ಕೆ ತೀರ ವಿರುದ್ಧವಾದುದು. ಗ್ಲಾಕೋನನ ಆ ಸೋದರಮಾವ ಖಾರ್ಮಿಡೀಸನು ಸಮರ್ಥನು, ವಿವೇಕಿ. ದೊಡ್ಡ ಮುಂದಾಳುಗಳೂ ಖಾಸಗಿಯಾಗಿ ಅವನ ಸಲಹೆ ಕೇಳುತ್ತಿದ್ದರು. ಆದರೆ ಸಭೆಯಲ್ಲಿ ಬಾಯಿ ತೆರೆಯಲು ಅವನಿಗೆ ನಾಚಿಕೆ, ಅಳುಕು. ಸಾಕ್ರೆಟೀಸನು ಅವನಿಗೆ ಧೈರ್ಯ ಹೇಳಿದನು. ಸಭೆಯಲ್ಲಿರುವವರು ಯಾರು? ಅರಿವೆ ಒಗೆಯುವವರು, ಪಾದರಕ್ಷೆ ಹೊಲಿಯುವವರು, ಬಡಿಗರು, ಕಮ್ಮಾರರು, ಒಕ್ಕಲಿಗರು, ವ್ಯಾಪಾರಸ್ಥರು; ಇವರ ಮುಂದೆ ನಿನಗೇಕೆ ಅಂಜಿಕೆ? ನಿನ್ನಲ್ಲಿರುವ ಶಕ್ತಿಯನ್ನು ಅರಿಯದೆ ಇರುವದೂ ಆತ್ಮದ ಅಜ್ಞಾನವೇ ಎಂಬುದು ಅವನ ಮಾತಿನ ತಾತ್ಪರ್ಯ.

ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿಯುವ ಮಕ್ಕಳು ಈ ಎರಡನೆಯ ಪ್ರಸಂಗವನ್ನು ಎರಡು ಸಲ ಓದಬೇಕು. ನಮ್ಮಲ್ಲಿ ಆಲ್ಕಿಬಿಯಾಡೀಸರಿಗಿಂತ ಖಾರ್ಮಿಡೀಸರೇ ಹೆಚ್ಚು. ನಾವು ಕಲಿತದ್ದು ಕನ್ನಡದಲ್ಲಿ, ಕಚೇರಿಯ ಭಾಷೆ ಮರಾಠಿ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. ಹೀಗೆಂದು ತಿಳಿದು ಎಷ್ಟೋ ಜಾಣ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತು ಬಾಯಿ ಮುಚ್ಚಿಕೊಳ್ಳುತ್ತಾರೆ. ತನ್ನನ್ನು ಇದ್ದುದಕ್ಕಿಂತ ಹಿಗ್ಗಿಸಿಕೊಳ್ಳುವದು ಹೇಗೆ ತಪ್ಪೋ, ಕುಗ್ಗಿಸಿಕೊಳ್ಳುವದೂ ಹಾಗೆಯೇ ತಪ್ಪು. ಆದರೂ ಒಂದು ಕಹಿ ಸಂಗತಿಯನ್ನು ಮುಚ್ಚಿಡಬಾರದು. ಇದೇ ಖಾರ್ಮಿಡೀಸನು ಮುಂದೆ ಅಥೆನ್ಸಿನ ಪ್ರಜಾಪ್ರಭುತ್ವವನ್ನು ಮುರಿದ ಗುಂಪಿನ ಜೊತೆ ಸೇರಿ ಕ್ರಿ. ಪೂ. 403ರ ಕಾಳಗದಲ್ಲಿ ಮಡಿದನು. ಧೈರ್ಯವೊಂದೇ ಬಂದರೆ ಸಾಲದು. ಅದನ್ನು ಯಾರಿಗಾಗಿ ಬಳಸಬೇಕೆಂಬ ಅರಿವೂ ಬರಬೇಕು.

ಮಂಗಳವಾಡದಿಂದ ಕಲ್ಯಾಣಕ್ಕೆ

ಇನ್ನು ನಮ್ಮ ನೆರೆಗೆ ಬರೋಣ. ಜತ್ತ ತಾಲೂಕಿನ ಉತ್ತರದ ಎಲ್ಲೆಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇದಕ್ಕೆ ಮಂಗಳವಾಡವೆಂಬ ಹೆಸರಿದ್ದಿತು. ಕಲ್ಯಾಣದ ಚಾಲುಕ್ಯರ ಸಾಮಂತರಾದ ಕಳಚುರಿಗಳು ಇಲ್ಲಿ ಆಳುತ್ತಿದ್ದರು. ಅವರಲ್ಲಿ ಬಿಜ್ಜಳನು ಶೂರನು, ಆಡಳಿತಕುಶಲನು, ಮಹತ್ತ್ವಾಕಾಂಕ್ಷಿ. ಚಾಲುಕ್ಯ ಮೂರನೆಯ ತೈಲಪನು ದುರ್ಬಲನಾಗಿದ್ದುದನ್ನು ಕಂಡು ಅವನು 1157ರ ಸುಮಾರಿಗೆ ಸ್ವತಂತ್ರನಾದನು, 1162ರಲ್ಲಿ ಕಲ್ಯಾಣದ ಸಾರ್ವಭೌಮನಾದನು.

ಬಸವಣ್ಣನವರು ಬಿಜ್ಜಳನ ಆಶ್ರಯದಲ್ಲಿ ಮಂಗಳವಾಡದಲ್ಲಿ ಕರಣಿಕರಾಗಿ ಕೆಲಸ ಆರಂಭಿಸಿ, ಮುಂದೆ ಕಲ್ಯಾಣದಲ್ಲಿ ಭಂಡಾರಿಗಳಾದರೆಂದು ಪರಂಪರೆ ಹೇಳುತ್ತದೆ. ಒಂದೇ ಅರಮನೆಯಲ್ಲಿ ಇಬ್ಬರು; ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬರ ಕೈಯಲ್ಲಿ ಲೆಕ್ಕದ ಕಡತ. ಬಸವಣ್ಣನವರು ರಾಜಕಾರಣವನ್ನು ಬಿಟ್ಟು ಕಾಡಿಗೆ ಹೋಗಲಿಲ್ಲ. ಅಧಿಕಾರದಲ್ಲಿದ್ದುಕೊಂಡೇ ಅರಿವನ್ನು ದೊಡ್ಡದೆಂದರು. ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಸಮಗಾರ, ಒಕ್ಕಲಿಗ ಎಂಬ ಭೇದವಿಲ್ಲದೆ ಗಂಡಸರೂ ಹೆಂಗಸರೂ ಕೂಡಿ ತಮ್ಮ ಅಂತರಂಗವನ್ನು ಪರೀಕ್ಷಿಸಿಕೊಂಡರು. ಖಾರ್ಮಿಡೀಸನು ಯಾರ ಮುಂದೆ ಮಾತಾಡಲು ನಾಚಿದನೋ ಅಂಥ ಕಾಯಕದ ಜನರು ಇಲ್ಲಿ ಸ್ವತಃ ವಚನಕಾರರಾದರು.

ಭಂಡಾರದ ಹಣವನ್ನು ಬಸವಣ್ಣನವರು ಜಂಗಮರಿಗೆ ಹಂಚಿ ಬರಿದುಮಾಡಿದ್ದಾರೆಂದು ಯಾರೋ ಬಿಜ್ಜಳನಿಗೆ ಚಾಡಿ ಹೇಳಿದರಂತೆ. ಅರಸನು ಲೆಕ್ಕ ಕೇಳಿದನು. ಬಸವಣ್ಣನವರು ಅಳುಕದೆ ಭಂಡಾರವನ್ನು ತೆರೆಯಿಸಿ ಎಣಿಸಿ ತೋರಿಸಿದರು; ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಇದರಲ್ಲಿ ಕತೆಯ ಅಂಶವೆಷ್ಟೇ ಇರಲಿ, ನಮ್ಮ ಜನರು ಎಂಟುನೂರು ವರುಷ ಅದನ್ನು ಮರೆಯದೆ ಉಳಿಸಿಕೊಂಡದ್ದು ಅರ್ಥವುಳ್ಳದ್ದು. ಲೆಕ್ಕ ಒಪ್ಪಿಸದಿರುವ ಉಪಾಯವನ್ನು ಹುಡುಕಬೇಕೆಂದವನು ಆಲ್ಕಿಬಿಯಾಡೀಸನು. ಕೇಳಿದ ಕೂಡಲೇ ಭಂಡಾರ ತೆರೆದವರು ಬಸವಣ್ಣನವರು. ತನ್ನೆದುರಿಗೆ ತಾನು ಲೆಕ್ಕ ಒಪ್ಪಿಸುವ ರೂಢಿಯಿದ್ದವನಿಗೆ ಅರಸನೆದುರು ಒಪ್ಪಿಸಲು ಅಂಜಿಕೆಯಿಲ್ಲ.

ಬಿಜ್ಜಳನನ್ನು ಕೇವಲ ಕೆಟ್ಟವನೆನ್ನುವದು ಸರಿಯಲ್ಲ. ಅವನ ಬಗ್ಗೆ ವೀರಶೈವ ಪುರಾಣಗಳು ಒಂದು ರೀತಿ ಹೇಳುತ್ತವೆ, ಜೈನ ಗ್ರಂಥಗಳು ಇನ್ನೊಂದು ರೀತಿ ಹೇಳುತ್ತವೆ. ಆದರೆ ಅವನ ಕತೆಯ ಕೊನೆಯು ದುಃಖಕರವಾದುದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯಿಂದ ಕಲ್ಯಾಣದಲ್ಲಿ ಕ್ಷೋಭೆಯೆದ್ದು, ಆ ಇಬ್ಬರು ತಂದೆಯರಿಗೆ ಅರಸನು ಕ್ರೂರವಾದ ಶಿಕ್ಷೆ ವಿಧಿಸಿದನೆಂದು ಪರಂಪರೆ. ಬಸವಣ್ಣನವರು ಅಧಿಕಾರವನ್ನು ತೊರೆದು ಕೂಡಲಸಂಗಮಕ್ಕೆ ಹೋದರು. 1167ರಲ್ಲಿ ಬಿಜ್ಜಳನು ಮಗ ಸೋವಿದೇವನಿಗೆ ಪಟ್ಟ ಬಿಟ್ಟುಕೊಟ್ಟನು. ಅನಂತರ ಸ್ವಲ್ಪದರಲ್ಲಿಯೇ ಕೊಲೆಗೀಡಾದನು. ಅವನ ಮಕ್ಕಳ ಆಳಿಕೆಯೂ ಇಪ್ಪತ್ತು ವರುಷ ನಿಲ್ಲಲಿಲ್ಲ. ಒಬ್ಬ ಅರಸನು ಒಂದು ಆಯುಷ್ಯದ ಆಸೆಯಿಂದ ಕಟ್ಟಿದ ರಾಜ್ಯವು ಹೋಯಿತು; ಕಾಯಕದವರು ತಮ್ಮನ್ನು ಅರಿಯಲು ಆಡಿದ ಮಾತುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿವೆ.

ಉಮದಿಯ ಗುರು, ಗ್ರೀಕ ಬಲ್ಲ ಶಿಷ್ಯ

ಕಡೆಯದಾಗಿ ನಮ್ಮ ತಾಲೂಕಿನದೇ ಮಾತು. ಜತ್ತ ತಾಲೂಕಿನ ಉಮದಿಯಲ್ಲಿ 1843ರಲ್ಲಿ ವೆಂಕಟೇಶ ಖಂಡೇರಾವ ದೇಶಪಾಂಡೆ ಎಂಬವರು ಹುಟ್ಟಿದರು. ನಿಂಬರಗಿಯ ಮಹಾರಾಜರ ಶಿಷ್ಯರಾಗಿ ಇವರು ಭಾವುಸಾಹೇಬ ಮಹಾರಾಜರೆಂದು ಪ್ರಸಿದ್ಧರಾದರು, ಇಂಚಗೇರಿಯ ಮಠವನ್ನು ಸ್ಥಾಪಿಸಿದರು, 1914ರಲ್ಲಿ ದೇಹವಿಟ್ಟರು. ನಾಮಸ್ಮರಣೆ ಮತ್ತು ದೀರ್ಘಧ್ಯಾನದಿಂದ ಆತ್ಮವನ್ನು ಕಾಣಬೇಕೆಂಬುದು ಅವರ ಮಾರ್ಗ.

1901ರಲ್ಲಿ ಜಮಖಂಡಿಯ ಹದಿನೈದು ವರುಷದ ವಿದ್ಯಾರ್ಥಿಯೊಬ್ಬನು ಇವರಿಂದ ಉಪದೇಶ ಪಡೆದನು. ಅವರೇ ಮುಂದೆ ಗುರುದೇವರೆಂದು ಹೆಸರಾದ ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಅವರು ಪುಣೆಯಲ್ಲಿಯೂ ಸಾಂಗಲಿಯಲ್ಲಿಯೂ ಅಧ್ಯಾಪಕರಾಗಿದ್ದು, ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆದರು. ಅವರು ಗ್ರೀಕ ತತ್ತ್ವಜ್ಞಾನವನ್ನು ಆಳವಾಗಿ ಅಭ್ಯಸಿಸಿ ಅದರ ಮೇಲೆ ಪ್ರಬಂಧಗಳನ್ನು ಬರೆದರು. 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಕನ್ನಡ ಸಂತರ ಸಾಹಿತ್ಯವನ್ನು ಕುರಿತೂ ಬರೆದರು. ವಿಜಾಪುರದ ಸೀಮೆಯ ನಿಂಬಾಳದಲ್ಲಿ ಅವರ ಆಶ್ರಮವಿತ್ತು; ಅಲ್ಲಿಯೇ 1957ರಲ್ಲಿ ದೇಹವಿಟ್ಟರು.

ಸಾಕ್ರೆಟೀಸನು ಹೇಳಿದ ಕಣ್ಣಿನ ದೃಷ್ಟಾಂತವನ್ನು ಇಲ್ಲಿ ನೆನೆಯಬೇಕು. ಗ್ರೀಕರು ಹೇಳಿದ ಆತ್ಮವೂ ನಮ್ಮ ಉಪನಿಷತ್ತಿನ ಆತ್ಮವೂ ಒಂದೇ ಎನ್ನಲಾಗದು. ಒಬ್ಬನು ನ್ಯಾಯವಂತ ನಾಗರಿಕನನ್ನು ಸಿದ್ಧಪಡಿಸಲು ಹೊರಟನು, ಇನ್ನೊಬ್ಬರು ಮುಕ್ತಿಯನ್ನು ನೋಡಿದರು. ಆದರೆ ದಾರಿಯ ಮೊದಲ ಮೆಟ್ಟಿಲು ಎರಡಕ್ಕೂ ಒಂದೇ: ನಿಜವಾಡುವ ಗುರುವಿನ ಕಣ್ಣಿನಲ್ಲಿ ತನ್ನನ್ನು ನೋಡಿಕೊಳ್ಳುವದು. ಅಥೆನ್ಸಿನ ಯುವಕನಿಗೂ ಅಂಥ ಕಣ್ಣು ದೊರಕಿತ್ತು. ಅವನು ನೋಡಿ, ಮಾತು ಕೊಟ್ಟು, ಮುಖ ತಿರುಗಿಸಿದನು. ಜಮಖಂಡಿಯ ಹುಡುಗನು ಉಮದಿಯ ಗುರುವಿನಿಂದ ಪಡೆದುದನ್ನು ಎಷ್ಟು ದೊಡ್ಡ ಪದವಿ ಬಂದರೂ ಆಯುಷ್ಯವೆಲ್ಲ ಬಿಡಲಿಲ್ಲ.

ಈ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯನ್ನು ನಾವೆಲ್ಲರೂ ಬಲ್ಲೆವು. ಉಮರಾಣಿಯಲ್ಲಿ ಹುಟ್ಟಿದ ಈ ಶರಣೆಯು ಕಲ್ಯಾಣದ ಕಾಲದವಳೆಂದೂ, ದಾನದಿಂದಲೇ ಅವಳಿಗೆ ಆ ಹೆಸರು ಬಂದಿತೆಂದೂ ಪ್ರತೀತಿಯಿದೆ. ಅವಳಿಗೆ ಸಿಂಹಾಸನವಿರಲಿಲ್ಲ, ಸೈನ್ಯವಿರಲಿಲ್ಲ. ಆದರೂ ಎರಡು ರಾಜ್ಯಗಳ ಜನರು, ಎರಡು ಭಾಷೆಯವರು, ಇಂದಿಗೂ ಅವಳ ಗುಡಿಗೆ ಬರುತ್ತಾರೆ. ಹೆಣ್ಣುಮಕ್ಕಳೂ ಇದನ್ನು ನೆನಪಿನಲ್ಲಿಡಬೇಕು.

ವಿದ್ಯಾರ್ಥಿಮಿತ್ರರೇ, ನೀವು ನಾಳೆ ಊರನ್ನಾಳಲು, ಜಿಲ್ಲೆಯನ್ನಾಳಲು, ನಾಡನ್ನೂ ಆಳಲು ಬಯಸಿರಿ, ಅದಕ್ಕೆ ಅಂಜಬೇಡಿರಿ. ಆದರೆ ಅಂಥ ಆಸೆ ಮೂಡಿದ ದಿನ ಸಾಕ್ರೆಟೀಸನ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿರಿ: ನನಗೆ ಗೊತ್ತಿರುವದೇನು? ಅದನ್ನು ಯಾರಿಂದ ಕಲಿತೆನು? ನನಗೆ ಇದು ತಿಳಿಯದು ಎಂದು ಕೊನೆಯ ಸಲ ಒಪ್ಪಿಕೊಂಡದ್ದು ಯಾವಾಗ? ಪಾಲಕರಲ್ಲಿಯೂ ಒಂದು ವಿನಂತಿ. ಮಗುವು ಶಾಲೆಯಿಂದ ಬಂದಾಗ ಎಷ್ಟು ಗುಣ ಬಂದವು ಎಂದು ಕೇಳುವಿರಿ, ಕೇಳಬೇಕಾದುದೇ. ಅದರ ಜೊತೆಗೆ, ಇಂದು ನಿನಗೆ ತಿಳಿಯದೆ ಉಳಿದದ್ದು ಯಾವುದು ಎಂದೂ ಕೇಳಿರಿ. ಅದನ್ನು ಹೇಳಿದ ಮಗುವನ್ನು ಬಯ್ಯಬೇಡಿರಿ. ನನಗೆ ತಿಳಿಯದು ಎಂದು ಅಂಜದೆ ಹೇಳುವ ಹುಡುಗನೇ ನಾಳೆ ಲೆಕ್ಕ ಕೇಳಿದವರಿಗೆ ಭಂಡಾರದ ಬಾಗಿಲನ್ನು ತೆರೆದು ತೋರಿಸುವನು.